ಮಲ್ಲುವಿನ ಬಾಯಿಗೆ ಮೆಣಸಿನಕಾಯಿ

ಗಂಗಾಬಾಯಿಗೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆದೀತು, ಮಾತುಕತೆ ತಪ್ಪಬಾರದು. ಸೇಡಂನಲ್ಲಿ ಇದ್ದಷ್ಟು ದಿನ ಇದಕ್ಕೆ ಕೊರತೆಯಾಗಿರಲಿಲ್ಲ. ಅಲ್ಲಿ ಬಾಗಿಲು ತೆರೆದರೆ ಓಣಿ, ಓಣಿಯ ತುಂಬ ಕಿವಿಗಳು. ಮಗ ಬಸು ಹೈದರಾಬಾದಿನಲ್ಲಿ ಮದುವೆಯಾಗಿ, ಮಿಯಾಪುರದಲ್ಲಿ ಫ್ಲ್ಯಾಟು ಹಿಡಿದು, ಅವ್ವನನ್ನು ಕರೆತಂದ ಮೇಲೆ ಆ ಭಾಗ್ಯ ಹೋಯಿತು. ಇಲ್ಲಿ ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಮುಚ್ಚಿದ ಬಾಗಿಲು. ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಕಾಲ ಅದು. ಬಸು ಮಾದಾಪುರದ ಕಡೆ ಗಾಜಿನ ಕಟ್ಟಡಗಳನ್ನು ಕಟ್ಟಿಸುವ ಎಂಜಿನಿಯರು. ಸೊಸೆ ವಿಜಯಶ್ರೀ ಅಂಥದೇ ಒಂದು ಗಾಜಿನ ಕಟ್ಟಡದೊಳಗೆ ಕೂತು ಅಮೆರಿಕದವರ ಕೆಲಸ ಮಾಡಿಕೊಡುವವಳು. ಅವನು ಕಟ್ಟುತ್ತಾನೆ, ಇವಳು ಹೋಗಿ ತುಂಬುತ್ತಾಳೆ, ಖಾಲಿ ಬೀಳುವುದು ಮಾತ್ರ ನಮ್ಮ ಮನೆ ಎಂದು ಗಂಗಾಬಾಯಿ ಹೇಳುತ್ತಿದ್ದಳು.

ಹೇಳುತ್ತಿದ್ದುದು ಯಾರಿಗೆ? ಮಲ್ಲುವಿಗೆ.

ಮಲ್ಲು ಅವಳ ಗಿಳಿ. ಸೇಡಂನ ಮನೆಯ ಹಿತ್ತಲಿನ ಬೇವಿನ ಮರದಿಂದ ಮರಿಯಾಗಿದ್ದಾಗ ಕೆಳಗೆ ಬಿದ್ದು, ಬೆಕ್ಕಿನ ಬಾಯಿಂದ ಹೇಗೋ ಪಾರಾಗಿ, ಒಂದು ರೆಕ್ಕೆ ಸೊಟ್ಟವಾಗಿ ಉಳಿದ ಹಕ್ಕಿ. ಹಾರಲಾಗದ ಕೊರತೆಯನ್ನೆಲ್ಲ ಮಾತಿನಲ್ಲಿ ತೀರಿಸಿಕೊಳ್ಳುತ್ತಿತ್ತು. ಗಿಳಿಯನ್ನು ಅದು ಇದು ಎಂದರೆ ಗಂಗಾಬಾಯಿಗೆ ಸಿಟ್ಟು ಬರುತ್ತಿತ್ತು, ಅವನು ಎನ್ನಬೇಕು. ನಾವೂ ಹಾಗೇ ಅನ್ನೋಣ, ಆಕೆಯ ಸಿಟ್ಟು ನಮಗೇಕೆ.

ವಿಜಯಶ್ರೀ ಕೆಟ್ಟ ಹುಡುಗಿಯಲ್ಲ. ಅಪ್ಪ ಸರಕಾರಿ ಕಾರ್ಖಾನೆಯಲ್ಲಿದ್ದವರು, ಹೈದರಾಬಾದಿನ ಕ್ವಾರ್ಟರ್ಸಿನಲ್ಲೇ ಅವಳು ಹುಟ್ಟಿ ಬೆಳೆದದ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಎಲ್ಲ ಬರುತ್ತಿತ್ತು, ಜೋಳದ ರೊಟ್ಟಿ ಬಡಿಯುವುದೊಂದು ಬರುತ್ತಿರಲಿಲ್ಲ. ಅವಳು ಬಡಿದ ರೊಟ್ಟಿಗೆ ಒಂದು ಕಡೆ ಮೂಲೆ, ಇನ್ನೊಂದು ಕಡೆ ಕೊಲ್ಲಿ. ಗಂಗಾಬಾಯಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನಗಲೂ ಇಲ್ಲ. ಸೊಸೆಯ ಮುಂದೆ ಹಲ್ಲು ತೋರಿಸಿದರೆ ಸಲಿಗೆ ಬೆಳೆದು ತಲೆಯ ಮೇಲೆ ಕೂರುತ್ತಾಳೆ ಎಂದು ಅವಳ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದಳು. ಆ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಪಾಠ ಮಾತ್ರ ಸತ್ತಿರಲಿಲ್ಲ. ಹೀಗಾಗಿ ಸೊಸೆಯ ಎದುರು ಗಂಗಾಬಾಯಿಯ ಮುಖ ಸದಾ ಬಿಗಿ. ಆ ಮುಖದ ಹಿಂದೆ ಉಳಿದದ್ದನ್ನೆಲ್ಲ ಮಧ್ಯಾಹ್ನ ಪಂಜರದ ಮುಂದೆ ಕೂತು ಬಿಚ್ಚುತ್ತಿದ್ದಳು.

"ಸೊಸಿ ಬಂದಾಳ, ಕಂಪ್ಯೂಟರ್ ತಂದಾಳ, ರೊಟ್ಟಿ ಬಡಿಯಾಕ ಬರಂಗಿಲ್ಲ."

ಒಂದು ದಿನ ಹೇಳಿದಳು, ಎರಡು ದಿನ ಹೇಳಿದಳು, ಬರಬರುತ್ತ ಅದಕ್ಕೊಂದು ರಾಗವೇ ಹುಟ್ಟಿತು. ರಾಗ ಹುಟ್ಟಿದ್ದೇ ತಡ, ಮಲ್ಲು ಅದನ್ನು ಕಲಿತ. ಕಲಿತದ್ದನ್ನು ಗಂಗಾಬಾಯಿಯ ದನಿಯಲ್ಲೇ, ಅವಳು ಕೊನೆಯಲ್ಲಿ ಬಿಡುವ ನಿಟ್ಟುಸಿರಿನ ಸಮೇತ ಒಪ್ಪಿಸಿದ. ಅಂದಿನಿಂದ ಅವಳೊಂದು ಉಪಾಯ ಮಾಡಿದಳು. ಸಂಜೆ ಬಾಗಿಲಿನಲ್ಲಿ ಸೊಸೆಯ ಕೀಲಿಕೈ ಸದ್ದಾದ ಕೂಡಲೇ ಒಂದು ಹಸಿಮೆಣಸಿನಕಾಯಿಯನ್ನು ಪಂಜರದೊಳಗೆ ತೂರಿಸುವುದು. ಮೆಣಸಿನಕಾಯಿ ಕಂಡರೆ ಮಲ್ಲುವಿಗೆ ಲೋಕ ಬೇಡ. ಬಾಯಿ ತುಂಬಿದ್ದಷ್ಟು ಹೊತ್ತು ಮಾತಿಲ್ಲ. ಗಿಳಿಯ ಮೇಲೆ ಅತ್ತೆಗೆ ಎಷ್ಟು ಪ್ರೀತಿ ಎಂದು ವಿಜಯಶ್ರೀ ನೋಡುತ್ತ ನಿಲ್ಲುತ್ತಿದ್ದಳು. ಅವಳಿಗೂ ಮಲ್ಲು ಎಂದರೆ ಇಷ್ಟವೇ. ಬೆಳಿಗ್ಗೆ ಗಂಗಾಬಾಯಿ ಸ್ನಾನ, ಪೂಜೆ ಎಂದು ಒಳಗಿದ್ದಾಗ ಚಹಾದ ಕಪ್ಪು ಹಿಡಿದು ಪಂಜರದ ಹತ್ತಿರ ಏನೋ ಪಿಸುಗುಟ್ಟುತ್ತಿದ್ದಳು. ಏನೆಂಬುದು ದೇವರ ಜಗಲಿಯವರೆಗೆ ಕೇಳುತ್ತಿರಲಿಲ್ಲ.

ದೀಪಾವಳಿಗೆ ಬೋನಸ್ಸು ಬಂದಾಗ ವಿಜಯಶ್ರೀ ಅತ್ತೆಗೆಂದು ಒಂದು ನಾನ್‌ಸ್ಟಿಕ್ ಹಂಚು ತಂದುಕೊಟ್ಟಳು. ಕರ್‍ರಗೆ, ನುಣ್ಣಗೆ, ಹಿಡಿಕೆಯ ಮೇಲೆ ಕೆಂಪು ಹೂವು. ಗಂಗಾಬಾಯಿ ತಿರುಗಿಸಿ ಮುರುಗಿಸಿ ನೋಡಿ, ಕಾಗದದಲ್ಲಿ ಸುತ್ತಿ, ಅಟ್ಟಕ್ಕೆ ಏರಿಸಿದಳು. ತನ್ನ ಕಬ್ಬಿಣದ ಹಂಚು ತನಗೆ ಸಾಕಾಗಿತ್ತು. ಅದೇ ಚಳಿಗಾಲದಲ್ಲಿ ವಿಜಯಶ್ರೀ ಹಳೆಯದೊಂದು ಮಾರುತಿ ಕಾರು ಕೊಂಡಳು. ಹಿಂದಿನ ಗಾಜಿಗೆ ಕೆಂಪು ಬಣ್ಣದ ಎಲ್ ಅಂಟಿಸಿಕೊಂಡು ಕಾಲನಿಯ ಸುತ್ತ ಕಲಿಯತೊಡಗಿದಳು. ಗುಡಿಗೆ ಹೋಗಿ ಬರೋಣ ಬನ್ನಿ ಎಂದು ಕರೆದರೆ ಗಂಗಾಬಾಯಿ ಮೊಳಕಾಲು ನೋವಿನ ನೆಪ ಹೇಳಿದಳು. ಮೊಳಕಾಲು ಗಟ್ಟಿಯಾಗಿಯೇ ಇತ್ತು, ಗಟ್ಟಿಯಿರದಿದ್ದುದು ಸೊಸೆಯ ಬ್ರೇಕಿನ ಮೇಲಿನ ನಂಬಿಕೆ.

ಹೀಗಿರುವಾಗ ಒಂದು ಶನಿವಾರ ವಿಜಯಶ್ರೀ ತನ್ನ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಗಂಗಾಬಾಯಿಯ ಕಿವಿಗೆ ಬಿತ್ತು. ಅತ್ತೆ ಆ ಹಂಚನ್ನು ಇನ್ನೂ ಅಟ್ಟದಿಂದ ಇಳಿಸಿಲ್ಲ, ಯಾಕೋ ನಾನು ಕೊಟ್ಟದ್ದು ಅವರಿಗೆ ಹಿಡಿಸುವುದಿಲ್ಲ ಎಂದಳು. ದನಿಯಲ್ಲಿ ದೂರಿರಲಿಲ್ಲ, ಬರೀ ಬೇಸರವಿತ್ತು. ದೂರಿದ್ದರೆ ಗಂಗಾಬಾಯಿ ಗೆಲ್ಲುತ್ತಿದ್ದಳು. ಬೇಸರದ ಮುಂದೆ ಸೋತಳು.

ಮರುದಿನ ಭಾನುವಾರ. ಬಸು ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೋಗಿದ್ದ. ಹಿಂದಿನ ರಾತ್ರಿ ತಡವಾಗಿ ಮಲಗಿದ್ದ ಸೊಸೆ ಇನ್ನೂ ಎದ್ದಿರಲಿಲ್ಲ. ಗಂಗಾಬಾಯಿ ಸ್ಟೂಲು ಹತ್ತಿ ಹೊಸ ಹಂಚು ಇಳಿಸಿದಳು. ಹುಡುಗಿ ಎದ್ದು ಬರುವಷ್ಟರಲ್ಲಿ ಅವಳ ಹಂಚಿನ ಮೇಲೆಯೇ ಅವಳಿಗೆ ರೊಟ್ಟಿ ಹಾಕಿ ಕೊಡಬೇಕೆಂದು ಮನಸ್ಸು ಮಾಡಿದ್ದಳು. ಪಕ್ಕದಲ್ಲಿ ಏಳುತ್ತಿದ್ದ ಹೊಸ ಕಟ್ಟಡದ ಧೂಳು ಬರುತ್ತದೆಂದು ಅಡಿಗೆಮನೆಯ ಕಿಟಕಿ ಮುಚ್ಚಿತ್ತು. ಮಲ್ಲುವಿನ ಪಂಜರ ಎಂದಿನಂತೆ ಅಡಿಗೆಮನೆಯ ಬಾಗಿಲಲ್ಲೇ ತೂಗುತ್ತಿತ್ತು, ಮೊದಲ ರೊಟ್ಟಿಯ ತುಣುಕು ಅವನ ಹಕ್ಕು.

ಜೋಳದ ರೊಟ್ಟಿ ಬಡಿಯುವವರಿಗೆ ಒಂದು ಮಾತು ಗೊತ್ತಿರುತ್ತದೆ, ಹಂಚು ಕಾಯಬೇಕು. ಬರಿ ಹಂಚನ್ನು ದೊಡ್ಡ ಉರಿಯ ಮೇಲಿಟ್ಟು, ಹೊಗೆಯಾಡುವ ತನಕ ಬಿಟ್ಟು, ಅಷ್ಟರಲ್ಲಿ ಹಿಟ್ಟು ನಾದಿ ಬಡಿದುಕೊಳ್ಳಬೇಕು. ಹುಡುಗಿಯಾಗಿದ್ದಾಗಿನಿಂದ ಗಂಗಾಬಾಯಿ ಮಾಡಿದ್ದು ಹಾಗೇ, ಅಂದೂ ಹಾಗೇ ಮಾಡಿದಳು. ಹಂಚಿನಿಂದ ಏನೋ ಹೊಸ ವಾಸನೆ ಬಂತು. ಹೊಸ ಪಾತ್ರೆಗೆ ಹೊಸ ವಾಸನೆ ಇರುತ್ತದೆ ಎಂದುಕೊಂಡು ಬಡಿತ ಮುಂದುವರಿಸಿದಳು.

ಆ ತನಕ ಒಂದೇ ಸಮನೆ ಹರಟುತ್ತಿದ್ದ ಮಲ್ಲು ಮಾತಿನ ನಡುವೆ ನಿಂತ. ಗಂಗಾಬಾಯಿ ತಲೆಯೆತ್ತಿ ನೋಡಿದರೆ ಅವನು ಕೋಲಿನಿಂದ ಇಳಿದು ಪಂಜರದ ತಳದಲ್ಲಿ ಕೂತಿದ್ದ. ಗರಿಯೆಲ್ಲ ಉಬ್ಬಿತ್ತು, ಕೊಕ್ಕು ತೆರೆದಿತ್ತು, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಕುಣಿಯುತ್ತಿತ್ತು. ಅವಳ ಜೀವ ಬಾಯಿಗೆ ಬಂತು. ಯಾರದೋ ಕಣ್ಣು ಬಿತ್ತೆಂದು ತಿಳಿದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲು ಡಬ್ಬಿಗೆ ಕೈಹಾಕಿದಳು. ಆದರೆ ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದುಕೊಂಡೇ, ಏನು ಹೊಳೆಯಿತೋ, ಮಲಗುವ ಕೋಣೆಯ ಬಾಗಿಲಿಗೆ ಹೋದಳು. ಮಗನ ಮದುವೆಯಾದಂದಿನಿಂದ ಅವಳು ಸೊಸೆಯ ಹೆಸರು ಹಿಡಿದು ಕರೆದವಳಲ್ಲ.

"ವಿಜೂ, ಏಳವ್ವಾ. ನಮ್ಮ ಮಲ್ಲೂಗ ಉಸರ ಸಿಗವಲ್ದು."

ವಿಜಯಶ್ರೀ ನಿದ್ದೆಗಣ್ಣಿನಲ್ಲೇ ಓಡಿಬಂದಳು. ಒಲೆ ಆರಿಸಿದಳು, ಪಂಜರವನ್ನು ಎತ್ತಿಕೊಂಡು ಮುಂದಿನ ಬಾಲ್ಕನಿಗೆ ತಂದು ಗಾಳಿಗಿಟ್ಟಳು. ಅತ್ತೆಯ ಮುಷ್ಟಿ ನೋಡಿ, ಇನ್ನ ಯಾವ ಹೊಗಿನೂ ಬ್ಯಾಡ್ರಿ ಎಂದು ಮೆಣಸಿನಕಾಯಿ ಇಸಿದುಕೊಂಡಳು. ಆಫೀಸಿನ ಗೆಳತಿಯೊಬ್ಬಳ ಮನೆಯಲ್ಲಿ ಹಕ್ಕಿಗಳಿದ್ದವು. ಅವಳಿಗೆ ಫೋನು ಮಾಡಿ, ಹಿಮಾಯತ್‌ನಗರದಲ್ಲಿ ಹಕ್ಕಿ ನೋಡುವ ಡಾಕ್ಟರೊಬ್ಬರ ನಂಬರು ಹಿಡಿದಳು. ಡಾಕ್ಟರು ಭಾನುವಾರವೆಂದು ಗೊಣಗಲಿಲ್ಲ. ಕೂಡಲೇ ತನ್ನಿ ಎಂದರು. ಬಾಯಿಗೆ ನೀರು ಬಿಡಬೇಡಿ, ಕೈಯಲ್ಲಿ ಹಿಡಿಯಬೇಡಿ, ತೆಳುವಾದ ಬಟ್ಟೆ ಹೊದಿಸಿ ಸುಮ್ಮನೆ ಇರಲು ಬಿಡಿ ಎಂದು ಹೇಳಿದರು. ತುಳಸಿ ನೀರಿನ ಬಟ್ಟಲು ಹಿಡಿದು ಬಂದಿದ್ದ ಗಂಗಾಬಾಯಿ ಅದನ್ನು ತಾನೇ ಕುಡಿದಳು.

ಆಟೋದಲ್ಲಿ ಹೋದರೆ ದಾರಿಯುದ್ದಕ್ಕೂ ಹೊಗೆ. ಕೆಳಗೆ ಎಲ್ ಅಂಟಿಸಿದ ಕಾರು ನಿಂತಿತ್ತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ತಾನು ಕುಕಟ್‌ಪಲ್ಲಿ ದಾಟಿ ಓಡಿಸಿಲ್ಲವೆಂದು ವಿಜಯಶ್ರೀ ಮೊದಲೇ ಒಪ್ಪಿಕೊಂಡಳು.

"ನಡಿ," ಎಂದು ಗಂಗಾಬಾಯಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು.

ಆ ಪ್ರಯಾಣವನ್ನು ಗಂಗಾಬಾಯಿ ಆಮೇಲೆ ಎಷ್ಟು ಜನರಿಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಭಾನುವಾರವಾದ್ದರಿಂದ ರಸ್ತೆ ಅರ್ಧ ಖಾಲಿಯಿತ್ತು, ಅದೇ ಪುಣ್ಯ. ಕಾರು ಎರಡು ಸಲ ನಟ್ಟನಡು ಚೌಕಿನಲ್ಲಿ ನಿಂತಿತು. ಹಿಂದಿನವರು ಹಾರ್ನ್ ಬಾರಿಸಿದರೆ ಗಂಗಾಬಾಯಿ ಕಿಟಕಿಯಿಂದ ತಲೆ ಹೊರಹಾಕಿ ಕಲಬುರಗಿ ಸೀಮೆಯ ದಖನಿ ಉರ್ದುವಿನಲ್ಲಿ ಅವರ ವಂಶದ ಯೋಗಕ್ಷೇಮ ವಿಚಾರಿಸಿದಳು. ಅದೇ ದಖನಿಯಲ್ಲಿ ದಾರಿಯನ್ನೂ ಕೇಳಿದಳು. ಸೊಸೆಗೆ ಕಾರು, ಅತ್ತೆಗೆ ಬಾಯಿ, ಇಬ್ಬರೂ ಸೇರಿ ಹೇಗೋ ಹಿಮಾಯತ್‌ನಗರ ಮುಟ್ಟಿದರು. ನಡುವೆ ನಡುವೆ ಗಂಗಾಬಾಯಿ ಬಟ್ಟೆಯ ಅಂಚು ಎತ್ತಿ ಇಣುಕುತ್ತಿದ್ದಳು. ಬಾಲ ಇನ್ನೂ ಕುಣಿಯುತ್ತಿತ್ತು. ಕುಣಿಯುತ್ತಿದೆ ಎಂದರೆ ಉಸಿರಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಇವನು ಹೋದರೆ ಇನ್ನು ಯಾರ ಮುಂದೆ ಬಾಯಿ ತೆರೆಯಲಿ ಎಂದು ನೆನೆದಾಗ ಕಣ್ಣು ತುಂಬಿ ರಸ್ತೆ ಮಂಜಾಯಿತು.

ಡಾಕ್ಟರು ಬಿಳಿ ಗಡ್ಡದ ತೆಳ್ಳನೆಯ ಮುದುಕರು. ಮನೆ ಮೇಲೆ, ಆಸ್ಪತ್ರೆ ಕೆಳಗೆ. ಲುಂಗಿಯ ಮೇಲೆ ಸ್ವೆಟರು ಹಾಕಿಕೊಂಡೇ ಇಳಿದುಬಂದರು. ಹಕ್ಕಿಯನ್ನು ಹಿಡಿಯಲು ಹೋಗಲಿಲ್ಲ. ಬಟ್ಟೆ ಸರಿಸಿ, ದೂರ ನಿಂತು, ಸ್ವಲ್ಪ ಹೊತ್ತು ಅವನು ಉಸಿರಾಡುವುದನ್ನೇ ನೋಡಿದರು. ಆಮೇಲೆ ಆಕ್ಸಿಜನ್ನಿನ ಕೊಳವೆ ಜೋಡಿಸಿದ ಗಾಜಿನ ಪೆಟ್ಟಿಗೆಯೊಳಗೆ ಅವನನ್ನು ಮೆಲ್ಲಗೆ ಇಳಿಸಿ ಮುಚ್ಚಿದರು. ಅವನು ಸ್ವಲ್ಪ ಸುಧಾರಿಸಿದ ಮೇಲೆ ಎದೆಗೆ ಒಂದು ಸಣ್ಣ ಸೂಜಿಮದ್ದು ಕೊಟ್ಟು, ಔಷಧಿಯ ಮಂಜನ್ನು ಪೆಟ್ಟಿಗೆಯೊಳಗೆ ಬಿಟ್ಟರು. ಅದೆಲ್ಲ ಆದ ಮೇಲೆ ಗಂಗಾಬಾಯಿಯತ್ತ ತಿರುಗಿ, ಮನೆಯಲ್ಲಿ ಬೆಳಿಗ್ಗೆ ಏನು ಸುಟ್ಟಿರಿ ಎಂದು ದಖನಿಯಲ್ಲಿ ಕೇಳಿದರು.

ಏನೂ ಸುಟ್ಟಿಲ್ಲ, ಹಂಚು ಕಾಯಲು ಇಟ್ಟಿದ್ದೆ ಎಂದಳು ಗಂಗಾಬಾಯಿ. ಯಾವ ಹಂಚು ಎಂದು ಅವರು ಕೇಳಿದರು. ನಾನ್‌ಸ್ಟಿಕ್ ಹಂಚೆಂದೂ, ಪಂಜರ ಅಡಿಗೆಮನೆಯ ಬಾಗಿಲಲ್ಲಿತ್ತೆಂದೂ ಉತ್ತರ ಕೊಟ್ಟದ್ದು ವಿಜಯಶ್ರೀ. ಅಡಿಗೆಮನೆಯಲ್ಲಿ ಒಲೆ ಆರಿಸುವಾಗಲೇ ಕೆಂಪು ಹೂವಿನ ಹಿಡಿಕೆಯನ್ನು ಅವಳು ನೋಡಿದ್ದಳು.

ಡಾಕ್ಟರು ತಲೆಯಾಡಿಸಿದರು. ಆ ಕರಿ ಲೇಪದ ಪಾತ್ರೆಯನ್ನು ಬರಿದಾಗಿ ದೊಡ್ಡ ಉರಿಯ ಮೇಲಿಟ್ಟರೆ ಅದರಿಂದೊಂದು ಗಾಳಿ ಏಳುತ್ತದೆ, ಮನುಷ್ಯರಿಗೆ ಗೊತ್ತೂ ಆಗಲಿಕ್ಕಿಲ್ಲ, ಹಕ್ಕಿಯ ಪುಪ್ಪುಸ ತಡೆಯುವುದಿಲ್ಲ, ಎಷ್ಟೋ ಹಕ್ಕಿಗಳು ಮನೆಯಿಂದ ಹೊರಗೆ ಬರುವ ಮೊದಲೇ ಹೋಗಿಬಿಡುತ್ತವೆ ಎಂದರು. ಇದು ಬಾಗಿಲಲ್ಲಿತ್ತು, ಬೇಗ ಗಾಳಿಗೆ ತಂದಿರಿ, ಅದಕ್ಕೇ ಇನ್ನೂ ಆಸೆಯಿದೆ ಎಂದೂ ಹೇಳಿದರು.

ಅತ್ತೆ ಸೊಸೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ನಾನು ತಂದ ಹಂಚೇ ಅವನ ಜೀವಕ್ಕೆ ಬಂತಲ್ಲ ಎಂದು ವಿಜಯಶ್ರೀ ಅಳತೊಡಗಿದಳು. ಗಂಗಾಬಾಯಿಗೆ ಅದನ್ನು ನೋಡಲಾಗಲಿಲ್ಲ.

"ಹಂಚು ಏನ್ ಮಾಡ್ತೈತಿ, ಉರಿ ಹಚ್ಚಿದಾಕಿ ನಾ," ಎಂದಳು. "ನಿನ್ನ ಹಂಚಿನ ಮ್ಯಾಲೇ ನಿನಗೊಂದು ರೊಟ್ಟಿ ಹಾಕಿ ಕೊಡಬೇಕಂತ ಮಾಡಿದ್ದೆ. ನಿನ್ನ ಮಾರಿ ಮ್ಯಾಲೆ ಒಂದೀಟು ನಗಿ ಬರ್ಲಿ ಅಂತ."

ವಿಜಯಶ್ರೀ ಅಳುವುದನ್ನು ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಆ ಹಂಚನ್ನು ಮನೆಗೆ ಹೋದ ಕೂಡಲೇ ಒಗೆದುಬಿಡುವುದಾಗಿ ಹೇಳಿದಳು. ಗಂಗಾಬಾಯಿ ಕೇಳಲಿಲ್ಲ. ಸೊಸೆ ಪ್ರೀತಿಯಿಂದ ಕೊಟ್ಟದ್ದನ್ನು ಒಗೆಯುತ್ತಾರೆಯೇ, ಒಲೆಗೆ ಬೇಡವೆಂದರೆ ತುಳಸಿ ಕುಂಡದ ಕೆಳಗೆ ಇರಲಿ, ನೀರು ಸೋರಿದರೆ ಹಿಡಿಯುತ್ತದೆ ಎಂದಳು.

ಮಲ್ಲುವನ್ನು ಡಾಕ್ಟರು ತಮ್ಮಲ್ಲೇ ಇಟ್ಟುಕೊಂಡರು. ಸಂಜೆ ಇಬ್ಬರೂ ಖಾಲಿ ಕೈಯಲ್ಲಿ ಮಿಯಾಪುರಕ್ಕೆ ಮರಳಿದರು. ಮನೆಯಲ್ಲಿ ಮಾತಾಡುವವರಿಲ್ಲದೆ ಮಾತಿನ ಮಲ್ಲಿಯಾದ ಗಂಗಾಬಾಯಿ ಮೂಲೆ ಹಿಡಿದು ಕೂತಳು. ವಿಜಯಶ್ರೀ ಕಬ್ಬಿಣದ ಹಂಚು ಇಟ್ಟು, ತಾನೇ ಹಿಟ್ಟು ನಾದಿ, ಬಡಿದು, ಅತ್ತೆಯ ತಾಟಿಗೆ ಒಂದು ರೊಟ್ಟಿ ಹಾಕಿದಳು. ಅದು ಯಾವ ದೇಶದ ನಕಾಶೆಯೋ ತಿಳಿಯುವಂತಿರಲಿಲ್ಲ. ಗಂಗಾಬಾಯಿ ಒಂದು ಗಡಿಯಿಂದ ತಿನ್ನಲು ಸುರುಮಾಡಿ ಇನ್ನೊಂದು ಗಡಿಯ ತನಕ ತಿಂದು ಮುಗಿಸಿದಳು. ರುಚಿ ಮಾತ್ರ ಸರಿಯಾಗಿಯೇ ಇತ್ತು. ಅದನ್ನು ಹೇಳಬೇಕೆಂದುಕೊಂಡಳು, ಸತ್ತ ಅತ್ತೆ ಅಡ್ಡ ಬಂದಳು.

ಮರುದಿನ ವಿಜಯಶ್ರೀ ಆಫೀಸಿಗೆ ರಜೆ ಹಾಕಿದಳು. ಫೋನು ಮೇಲಿಂದ ಮೇಲೆ ಬಂತು, ಮನೆಯಲ್ಲಿ ಹುಷಾರಿಲ್ಲ ಎಂದಳು, ಯಾರಿಗೆ ಎಂದು ಕೇಳಿದರೆ ಮೈದುನನಿಗೆ ಎಂದಳು. ಪಕ್ಕದಲ್ಲಿದ್ದ ಗಂಗಾಬಾಯಿ ನಗು ತಡೆಯಲು ಸೆರಗು ಕಚ್ಚಿದಳು. ಇಬ್ಬರೂ ಕಾರಿನಲ್ಲಿ ಹಿಮಾಯತ್‌ನಗರಕ್ಕೆ ಹೋದರು. ಮಲ್ಲು ಕಣ್ಣು ತೆರೆದಿದ್ದ, ಕೊಕ್ಕು ಮುಚ್ಚಿತ್ತು, ಬಾಲದ ಕುಣಿತ ತಗ್ಗಿತ್ತು. ಮಾತು ಮಾತ್ರ ಇರಲಿಲ್ಲ.

ಅದರ ಮರುದಿನ ಹೋದಾಗ ಅವನು ಗಾಜಿನ ಪೆಟ್ಟಿಗೆಯಿಂದ ಪಂಜರಕ್ಕೆ ಮರಳಿ, ಕೋಲಿನ ಮೇಲೆ ಕೂತು ಪೇರಲದ ತುಣುಕು ತಿನ್ನುತ್ತಿದ್ದ. ಗಂಗಾಬಾಯಿಗೆ ಅಲ್ಲಿಯೇ ಕುಣಿಯಬೇಕೆನ್ನಿಸಿತು. ಆದರೆ ಡಾಕ್ಟರಿಗೆ ಇನ್ನೂ ಪೂರ್ತಿ ಸಮಾಧಾನವಿರಲಿಲ್ಲ. ಉಸಿರಿನ ಕೊರತೆಯಿರುವ ಹಕ್ಕಿ ಇದ್ದ ಉಸಿರನ್ನು ಮಾತಿಗೆ ಖರ್ಚು ಮಾಡುವುದಿಲ್ಲ, ಇದು ಮಾತಾಡಲಿ, ಆಗ ಕರೆದುಕೊಂಡು ಹೋಗಿ ಎಂದರು. ತಾವೇ ಬಗ್ಗಿ, ಗಿಳಿಗಳನ್ನು ಮಾತಿಗೆಳೆಯುವಂತೆ ಮಿಯಾ ಮಿಠ್ಠೂ ಎಂದು ಕರೆದರು. ಮಲ್ಲು ಅವರ ಗಡ್ಡ ನೋಡಿದ, ಉತ್ತರ ಕೊಡಲಿಲ್ಲ. ವಿಜಯಶ್ರೀ ಹೆಸರು ಹಿಡಿದು ಕರೆದಳು, ಅದಕ್ಕೂ ಇಲ್ಲ. ಡಾಕ್ಟರು ಗಂಗಾಬಾಯಿಯತ್ತ ನೋಡಿ, ಮನೆಯಲ್ಲಿ ದಿನಾ ಯಾವ ಮಾತು ಹೆಚ್ಚು ಕೇಳುತ್ತಾನೋ ಅದನ್ನು ಹೇಳಿ ಅಮ್ಮಾ, ಅದಕ್ಕೆ ಖಂಡಿತ ಬಾಯಿ ಬಿಡುತ್ತಾನೆ ಎಂದರು.

ಗಂಗಾಬಾಯಿ ನಿಂತಲ್ಲೇ ಬೆವೆತಳು. ದಿನಾ ಕೇಳುವ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಮೊನ್ನೆಯಿಂದ ತನಗಾಗಿ ಕಾರು ಓಡಿಸಿದ, ರಜೆ ಹಾಕಿದ, ನಕಾಶೆಯನ್ನಾದರೂ ಬಡಿದು ಹಾಕಿದ ಹುಡುಗಿಯ ಮುಂದೆ ಮುಖ ಎತ್ತುವಂತಿಲ್ಲ. ಹೇಳದಿದ್ದರೆ ಮಲ್ಲುವಿನ ಉಸಿರು ಪೂರ್ತಿ ಮರಳಿದೆಯೋ ಇಲ್ಲವೋ ತಿಳಿಯುವುದಿಲ್ಲ. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಬಾಯಿಗೆ ತುರುಕಲು ಮೆಣಸಿನಕಾಯಿಯೂ ಕೈಯಲ್ಲಿರಲಿಲ್ಲ. ಕೊನೆಗೆ ಹೋದರೆ ಹೋಗಲಿ ನನ್ನ ಮಾನ, ಅವನ ಜೀವ ಇರಲಿ ಎಂದು ಪಂಜರದ ಹತ್ತಿರ ಹೋಗಿ, ಸೊಸೆಗೆ ಬೆನ್ನು ಮಾಡಿ ಕೂತಳು.

"ಸೊಸಿ ಬಂದಾಳ," ಎಂದು ಮೆಲ್ಲಗೆ ರಾಗ ತೆಗೆದಳು.

ಮಲ್ಲು ಪೇರಲ ಬಿಟ್ಟ. ಕತ್ತು ಸೊಟ್ಟ ಮಾಡಿದ.

"ಕಂಪ್ಯೂಟರ್ ತಂದಾಳ, ರೊಟ್ಟಿ ಬಡಿಯಾಕ ಬರಂಗಿಲ್ಲ," ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಒಪ್ಪಿಸಿ, ಕೊನೆಗೆ ಆ ನಿಟ್ಟುಸಿರನ್ನೂ ಬಿಟ್ಟ. ಎದೆ ತುಂಬಿದ ನಿಟ್ಟುಸಿರು, ಎಲ್ಲಿಯೂ ಗೊರಗೊರ ಇಲ್ಲ.

ಗಂಗಾಬಾಯಿಗೆ ಸಂತೋಷ, ಸಂಕಟ ಎರಡೂ ಒಟ್ಟಿಗೇ ಬಂದು, ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹಿಂದಿನಿಂದ ಅಳು ಕೇಳಿಸೀತೆಂದುಕೊಂಡಿದ್ದಳು. ಕೇಳಿಸಿದ್ದು ನಗು. ವಿಜಯಶ್ರೀ ಬೆಂಚು ಹಿಡಿದು ನಗುತ್ತಿದ್ದಳು.

"ಇದನ್ನ ದಿನಾ ಮುಂಜಾನೆ ನನ್ನ ಮುಂದ ಹೇಳ್ತಾನ್ರಿ ಅತ್ತಿ," ಎಂದಳು. "ನೀವು ಪೂಜಾಕ್ಕ ಕುಂತಾಗ. ಅನ್ನಲಿ ಬಿಡ್ರಿ, ಅವಗ ಉಸರ ಬಂತಲ್ಲ, ಅಷ್ಟ ಸಾಕು."

ಎಲ್ಲ ಗೊತ್ತಿದ್ದೂ ಇವಳು ಒಂದು ದಿನವೂ ಮುಖ ಮುರಿದವಳಲ್ಲವಲ್ಲ ಎಂದು ಗಂಗಾಬಾಯಿ ಯೋಚಿಸುತ್ತಿರುವಾಗಲೇ ಮಲ್ಲುವಿಗೆ ಹುರುಪು ಬಂತು. ಬೆಳಗಿನ ಪಾಠ ನೆನಪಾಯಿತೋ ಏನೋ, ಕೋಲಿನ ಮೇಲೆ ಒಂದು ಹೆಜ್ಜೆ ಸರಿದು, ಈ ಸಲ ವಿಜಯಶ್ರೀಯ ದನಿಯಲ್ಲಿ, ಚಹಾ ಕುಡಿಯುತ್ತ ಪಿಸುಗುಟ್ಟುವ ಆ ಸಣ್ಣ ದನಿಯಲ್ಲಿ ಹೇಳಿದ:

"ಏನ್ ಮಾಡಿದ್ರೂ ನಮ್ಮ ಅತ್ತಿ ನಗಂಗಿಲ್ಲ, ಮಲ್ಲೂ. ಏನ್ ಮಾಡಿದ್ರೂ ನಗಂಗಿಲ್ಲ."

ವಿಜಯಶ್ರೀಯ ನಗು ಅಲ್ಲೇ ನಿಂತಿತು. ಕಿವಿಯ ತನಕ ಕೆಂಪಾಗಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮಲ್ಲು ಅದನ್ನೇ ಇನ್ನೊಂದು ಸಲ ಹೇಳಿದ, ಡಾಕ್ಟರಿಗೆ ತಿಳಿಯಲಿಲ್ಲವೇನೋ ಎಂಬಂತೆ.

ಗಂಗಾಬಾಯಿ ತುಟಿ ಬಿಗಿಹಿಡಿದಳು. ಸೆರಗು ಕಚ್ಚಿದಳು. ಅತ್ತೆಯ ಪಾಠ ನೆನೆಸಿಕೊಂಡಳು. ಒಂದೂ ಕೆಲಸಕ್ಕೆ ಬರಲಿಲ್ಲ. ನಗು ಕಟ್ಟೆಯೊಡೆದು ಬಂತು, ಬಂದದ್ದು ನಿಲ್ಲಲೊಲ್ಲದು. ಪಂಜರದ ಸರಳು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು, ಇನ್ನೊಂದು ಕೈಯಿಂದ ಸೊಸೆಯನ್ನು ಹತ್ತಿರ ಎಳೆದುಕೊಂಡು ನಕ್ಕಳು. ಮುಖದಿಂದ ಕೈ ತೆಗೆದ ವಿಜಯಶ್ರೀ ಅತ್ತೆಯ ಬಾಯಲ್ಲಿ ಎಷ್ಟು ಹಲ್ಲುಗಳಿವೆ ಎಂಬುದನ್ನು ಅಂದು ಮೊದಲ ಸಲ ನೋಡಿದಳು.

ಕನ್ನಡ ಬಾರದ ಡಾಕ್ಟರು ಪಾಪ, ಒಬ್ಬೊಬ್ಬರ ಮುಖ ನೋಡುತ್ತ, ಅಷ್ಟು ನಗುವಂಥದ್ದು ಇವನು ಏನು ಹೇಳಿದ ಎಂದು ಕೇಳಿದರು.

ಗಂಗಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸುಳ್ಳಬುರುಕಾ ಎಂದು ಮಲ್ಲುವಿಗೆ ಬೆರಳಾಡಿಸಿ, ಡಾಕ್ಟರತ್ತ ತಿರುಗಿದಳು.

"ಕುಛ್ ನೈ ಸಾಬ್," ಎಂದಳು, "ಝೂಟ್ ಬೋಲ್ ರಾ."